ಕೇಶವೂ ಕಾಲವೂ

ಕೂದಲು ದೇಹದಲ್ಲಿ ಅತ್ಯಂತ ಹಗುರವಾದ ವಸ್ತು. ಆದರೆ ಮನುಷ್ಯನು ಅದರ ಮೇಲೆ ಹೊರಿಸಿದ ಭಾರಕ್ಕೆ ಮಿತಿಯಿಲ್ಲ. ಕುಲ, ಆಶ್ರಮ, ರಾಜಭಕ್ತಿ, ವೈಧವ್ಯ ಇವೆಲ್ಲವನ್ನೂ ಕೂದಲೇ ಸಾರಬೇಕಾಯಿತು. ಆಶ್ವಲಾಯನ ಗೃಹ್ಯಸೂತ್ರವು ಮೂರನೆಯ ವರ್ಷದಲ್ಲಿ, ಇಲ್ಲವೆ ಕುಲಾಚಾರದಂತೆ, ಚೌಲವನ್ನು ವಿಧಿಸುವದು. ಆಗ ಬಿಟ್ಟ ಶಿಖೆಯನ್ನು ಕಡೆತನಕ ಕಾಪಾಡುವದು ಧರ್ಮವೆನಿಸಿತ್ತು.

ಆದರೆ ಕೇಶಾಚಾರವು ಎಂದೂ ಸ್ಥಿರವಾಗಿರಲಿಲ್ಲ. ರಘುವಂಶದ ಬಾಲರಾಮನು ಕಾಕಪಕ್ಷಧರನು. ಕಿವಿಗಳ ಬದಿಗೆ ಇಳಿದ ಆ ಕುರುಳು ಇಂದಿನ ಬಾಲಕನಿಗೆ ಬೇಡ. ಮೇಘದೂತದಲ್ಲಿ ಏಕವೇಣಿಯು ವಿರಹದ ಲಕ್ಷಣ. ಈಗ ಒಂಟಿ ಜಡೆಯು ನಗುನಗುತ್ತ ಶಾಲೆಗೆ ಹೋಗುವ ಹುಡುಗಿಯ ಅಲಂಕಾರ. ಜಪಾನಿನಲ್ಲಿ 1871ರ ರಾಜಾಜ್ಞೆಯು ಜುಟ್ಟನ್ನು ಕತ್ತರಿಸಲು ಅನುಮತಿಯಿತ್ತಿತು. ಚೀನದಲ್ಲಿ ಮಂಚು ಅರಸರು ಹೇರಿದ ಜಡೆಯು 1911ರ ಕ್ರಾಂತಿಯೊಡನೆ ಬಿದ್ದಿತು. ಗಾಂಧೀಜಿಯವರು 1888ರಲ್ಲಿ ವಿಲಾಯತಿಗೆ ಹೊರಡುವ ಮುನ್ನ ನಗೆಗೀಡಾಗುವ ಅಂಜಿಕೆಯಿಂದ ಶಿಖೆಯನ್ನು ತೆಗೆಸಿದ ಸಂಗತಿಯನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿರುವರು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಪೇಟೆಗಳಲ್ಲಿ ಇಂದು ಚಂಡಿಕೆಯು ಪುರೋಹಿತರಲ್ಲಿ ಅಲ್ಲಲ್ಲಿ ಮಾತ್ರ ಉಳಿದಿದೆ. ಹಿಂದೆ ಹಡಪವನ್ನು ಹೊತ್ತು ಮನೆಮನೆಗೆ ಬಂದು, ಸುಗ್ಗಿಯಲ್ಲಿ ಕಾಳಿನ ಆಯವನ್ನು ಪಡೆಯುತ್ತಿದ್ದವನು ಈಗ ಅಂಗಡಿಯಲ್ಲಿ ಕನ್ನಡಿಗಳ ನಡುವೆ ನಿಂತಿರುವನು. ಅಂದು ತಲೆ ಹೇಗಿರಬೇಕೆಂಬದನ್ನು ಕುಲವು ಹೇಳುತ್ತಿತ್ತು. ಇಂದು ಕುರ್ಚಿಯಲ್ಲಿ ಕುಳಿತವನನ್ನೇ ಕೇಳುವರು.

ಹಾಗೆ ಕೇಳಿದಾಗ ಹೇಳಬೇಕಾದುದೇನು? ದುಂಡು ಮುಖದವನು ಪಕ್ಕಗಳಲ್ಲಿ ಸಣ್ಣದಾಗಿ ಕತ್ತರಿಸಿ ನೆತ್ತಿಯಲ್ಲಿ ತುಸು ಎತ್ತರ ಬಿಡಿಸಿದರೆ ಲಕ್ಷಣ. ನೀಳ ಮುಖಕ್ಕೆ ಅದು ಒಪ್ಪದು, ಹಣೆಯ ಮೇಲೆ ಕೊಂಚ ಕೂದಲಿಳಿಯಬೇಕು. ಬೋಳುನೆತ್ತಿಯ ಮೇಲೆ ಕಿವಿಯ ಬದಿಯ ನಾಲ್ಕು ಎಳೆಗಳನ್ನು ಎಣ್ಣೆ ಹಚ್ಚಿ ಅಡ್ಡಹಾಸುವ ಹಿರಿಯರು ಅವನ್ನು ಕತ್ತರಿಸಿಕೊಂಡರೆ ಗಾಂಭೀರ್ಯವು ಹೆಚ್ಚುವದು; ಗಾಳಿಯ ಭಯವೂ ತಪ್ಪುವದು. ವರ್ಷಗಟ್ಟಲೆ ಎಳೆದು ಬಿಗಿದ ತುರುಬಿನಿಂದ ಹಣೆಯಂಚಿನ ಕೂದಲು ಉದುರುವದುಂಟು. ಹೆಂಗಸರಿಗೆ ಸಡಿಲಾದ ಗಂಟೇ ಹಿತ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳು ದಿನವೆಲ್ಲ ಘಾಟಿನ ಧೂಳಿನಲ್ಲಿ ಕುಳಿತಿರುವಳು. ಅವಳಿಗೆ ತೊಳೆಯಲು ಸುಲಭವಾದ ಗಿಡ್ಡ ಜಡೆಯೇ ಅಂದ.

ಇವೆಲ್ಲ ರುಚಿಯ ಮಾತು. ರುಚಿಗೆ ಬಿಡಲಾಗದ ಮಾತೊಂದುಂಟು. ಹಳೆಯ ಕೇಶರೂಢಿಗಳಲ್ಲಿ ಎಂದೂ ಮರಳಬಾರದ್ದು ವಿಧವೆಯ ಕೇಶವಪನ. ಲೋಕವನ್ನರಿಯದ ಹುಡುಗಿಯೂ ಗಂಡನು ಸತ್ತ ಕಾರಣಕ್ಕೆ ಜೀವಮಾನವೆಲ್ಲ ಕ್ಷೌರದ ಕತ್ತಿಗೆ ತಲೆಯೊಡ್ಡಬೇಕಾಗುತ್ತಿತ್ತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಅಂಥ ಬಾಳನ್ನು ಕನ್ನಡಿಗರ ಕಣ್ಣ ಮುಂದಿಟ್ಟಿತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ವಿಧವೆಗೆ ಶಾಸ್ತ್ರದ ಹೆಸರು ಹೇಳಿದ ಸಮಾಜವು ವಿಧುರನ ತಲೆಯನ್ನು ಮುಟ್ಟಲಿಲ್ಲ. ಅವನು ಅದೇ ತಲೆಗೆ ಮತ್ತೆ ಬಾಸಿಂಗ ಕಟ್ಟಿಸಿಕೊಂಡನು.

ಶಿಖೆಯನ್ನು ಶ್ರದ್ಧೆಯಿಂದ ಬಿಟ್ಟವನಿಗೆ ಅದೇ ಭೂಷಣ. ನೆರೆಯವರ ಅಂಜಿಕೆಯಿಂದ ಕತ್ತರಿಸಿಕೊಂಡವನಿಗೆ ಹೊಸ ಕ್ರಾಪೂ ಭಾರ. ಮೊಮ್ಮಗನ ಕಿವಿಯ ಮೇಲೆ ಕೆತ್ತಿದ ಗೆರೆಗಳನ್ನು ಕಂಡು ಕೆರಳುವ ಹಿರಿಯರು ಮೊದಲು ಒಂದನ್ನು ವಿಚಾರಿಸಲಿ: ಇದನ್ನು ಅವನೇ ಆರಿಸಿದನೆ? ಹೌದಾದರೆ, ಎರಡು ತಿಂಗಳಲ್ಲಿ ಬೆಳೆದು ಮುಚ್ಚುವ ಗೆರೆಗಾಗಿ ಜಗಳವೇತಕ್ಕೆ?