ಬೆನ್ನ ಕೆಳಗಿನ ಚಳಿ

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಆರೂವರೆಗೆ, ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಮಗನ ಫೋನು ಬಂತು. ಅಮೆರಿಕದ ಮಿಷಿಗನ್ನಿನಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ.

"ಅಮ್ಮಾ, ಸ್ನೇಹಿತರು ಜಿಂಕೆ ಬೇಟೆಗೆ ಹೊರಟಿದ್ದಾರೆ. ನಾನೂ ಹೋಗ್ತೀನಿ. ಕಾಡಲ್ಲಿ ಎರಡು ಮರಕ್ಕೆ ಜೋಲಿ ಕಟ್ಟಿ ಮಲಗೋದು."

ಸೌಟು ಕೈಯಲ್ಲೇ ಉಳಿಯಿತು. ಅಲ್ಲಿ ಅದು ಅಪರಾಧವಲ್ಲವಂತೆ. ನವೆಂಬರ್ 15ರಿಂದ 30ರವರೆಗೆ ಬಂದೂಕಿನ ಬೇಟೆಯ ಕಾಲ. ಪರವಾನಗಿ ಬೇಕು, ಎದ್ದು ಕಾಣುವ ಕಿತ್ತಳೆ ಬಣ್ಣದ ಉಡುಪು ತೊಡಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಪ್ರತಿ ವರ್ಷವೂ ಮಕ್ಕಳಿಗೆ ಪಾಠ ಮಾಡುವವಳು ನಾನು! "ನಾನು ಬಂದೂಕು ಮುಟ್ಟಲ್ಲಮ್ಮ" ಎಂದ. ಆದರೂ ಮನಸ್ಸು ಒಪ್ಪಲಿಲ್ಲ. ಬೆಳೆದ ಮಗನಿಗೆ ಬೇಡವೆನ್ನುವ ಕಾಲವೂ ದಾಟಿತ್ತು.

"ಹೊದೆಯೋಕೇನು?" ಎಂದೆ.

ಗರಿ ತುಂಬಿದ ಮಲಗುವ ಚೀಲ ಕೊಂಡಿದ್ದನಂತೆ. ಅದರ ಚೀಟಿಯನ್ನು ಓದಿಸಿದೆ. ಎರಡು ಅಂಕಿಗಳಿದ್ದವು. ಒಂದು ಆರಾಮದ ಮಟ್ಟ, ಇನ್ನೊಂದು ಅದಕ್ಕಿಂತ ಕೆಳಗಿನ ಮಿತಿ. ಮೊದಲನೆಯದನ್ನು ಹೆಂಗಸಿನ ಮೈಗೆ, ಎರಡನೆಯದನ್ನು ಗಂಡಸಿನ ಮೈಗೆ ಲೆಕ್ಕ ಹಾಕಿರುತ್ತಾರಂತೆ. ಇವನು ಮಿತಿಯನ್ನು ನೋಡಿಯೇ ಕೊಂಡಿದ್ದ. "ಮಿತಿಯಲ್ಲಿ ನಿದ್ದೆ ಬರುತ್ತೇನೋ? ಹೆಂಗಸಿನ ಅಂಕಿಯನ್ನೇ ನಂಬು" ಎಂದೆ. ನಕ್ಕ.

"ಸರಿ, ಕೆಳಗೆ ಹಾಸೋಕೆ?"

"ಜೋಲಿ ನೆಲಕ್ಕೆ ತಾಗಲ್ವಲ್ಲ, ನೆಲದ ಥಂಡಿ ಎಲ್ಲಿಂದ ಬರುತ್ತೆ?"

ಆಗ ನನಗೆ ಅಪ್ಪ ನೆನಪಾದರು. ಮಾಗಡಿ ಕಡೆಯ ನಮ್ಮೂರಿನ ರಾಗಿ ಹೊಲದಲ್ಲಿ ಹಂದಿ ಕಾಯಲು ಅವರು ಅಟ್ಟಣೆಯ ಮೇಲೆ ಹಗ್ಗದ ಮಂಚದಲ್ಲಿ ಮಲಗುತ್ತಿದ್ದರು. ಅವ್ವ ಗೋಣಿಚೀಲ, ಹುಲ್ಲು, ಅದರ ಮೇಲೆ ಕಂಬಳಿ ಹಾಸಿಯೇ ಕಳಿಸುತ್ತಿದ್ದಳು. ತಮ್ಮ ಹುಟ್ಟಿದ ವರ್ಷ ಮಾತ್ರ ಕಂಬಳಿ ಬಾಣಂತಿಯ ಕೋಣೆ ಸೇರಿತು. ಹಾಸಿಕೊಡುವವರೂ ಇರಲಿಲ್ಲ. ಅಪ್ಪ ಎರಡು ದುಪ್ಪಟಿ ಹೊದ್ದು ಬರಿಯ ಹಗ್ಗದ ಮೇಲೆ ಮಲಗಿ, ಬೆಳಗ್ಗೆ ಬೆರಳು ಮಡಿಸಲಾರದೆ ಮನೆಗೆ ಬಂದರು. ಎಂಟು ವರ್ಷದ ನಾನು ಅವರ ಕೈಗೆ ಉಗುರುಬೆಚ್ಚನೆ ನೀರು ಸುರಿದೆ. "ಚಳಿ ಮೇಲಿಂದ ಬರಲ್ಲ ಮಗಾ, ಕೆಳಗಿಂದ ಬರುತ್ತೆ" ಎಂದಿದ್ದರು.

ಅದರ ಕಾರಣವನ್ನು ಆಮೇಲೆ ನಾನೇ ತರಗತಿಯಲ್ಲಿ ಹೇಳಿಕೊಟ್ಟೆ. ಬೆಚ್ಚಗಿಡುವುದು ಗರಿಯಲ್ಲ, ಅದರ ನಡುವೆ ಸಿಕ್ಕಿದ ಗಾಳಿ. ಮೈಭಾರಕ್ಕೆ ಬೆನ್ನಡಿಯ ಗರಿ ಅಪ್ಪಚ್ಚಿಯಾದರೆ ಗಾಳಿ ಹೋಯಿತು. ತೂಗುವ ಜೋಲಿಗೆ ಕೆಳಗಿನಿಂದಲೂ ಗಾಳಿ ಬೀಸುತ್ತದೆ. ಅದಕ್ಕೇ ಜೋಲಿಯ ಹೊರಗೆ, ಅಡಿಯಲ್ಲಿ, ಮೈಭಾರ ಬೀಳದಂತೆ ಕಟ್ಟುವ ರಜಾಯಿಯೇ ಸಿಗುತ್ತದಂತೆ. ಬೆಲೆ ಕೇಳಿ ಮಗ ಕೈಬಿಟ್ಟಿದ್ದ.

"ಹಾಗಾದರೆ ಒತ್ತಿದರೂ ಕುಗ್ಗದ ಫೋಮಿನ ಚಾಪೆ ತಗೋ. ಅದರ ಮೇಲೆ ತಾತನ ಕಂಬಳಿ ಮಡಿಸಿ ಹಾಸು" ಎಂದೆ. ಅವನು ಹೊರಟಾಗ "ಭಾರ" ಎಂದು ಗೊಣಗಿದರೂ ಪೆಟ್ಟಿಗೆಗೆ ತುರುಕಿದ್ದೆ. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕರಿ ಕಂಬಳಿ ಅದು. ಗರಿ ನೆನೆದರೆ ಮುದ್ದೆಯಾಗುತ್ತದೆ. ಉಣ್ಣೆ ತುಸು ತೇವವಾದರೂ ಕೈಬಿಡುವುದಿಲ್ಲ.

ಮೂರು ದಿನ ಫೋನಿಲ್ಲ. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ನನ್ನ ಬೆನ್ನಿಗೇ ಥಂಡಿ ತಾಗಿದಂತಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಫೋನು ಬಂತು.

"ಬೆನ್ನು ಬೆಚ್ಚಗಿತ್ತಮ್ಮ. ಕಂಬಳಿ ಇನ್ನೂ ಹೊಗೆ ವಾಸನೆ ಬರುತ್ತೆ, ನಮ್ಮೂರ ಒಲೆ ಥರ."

ಜಿಂಕೆ ಸಿಕ್ಕಿತೇ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.