ಗಾಳಕ್ಕೊಂದು ಸ್ವೆಟರ್

ಬೆಳಗಿನ ಮನಸ್ಸು ಕೆಡುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ಒಂದು ಕ್ಯಾಲೆಂಡರ್ ಸಾಕು. ದಪ್ಪ ಕಾಗದ, ಥಳಥಳಿಸುವ ಚಿತ್ರ, ತಿಥಿ ನಕ್ಷತ್ರ ರಾಹುಕಾಲಗಳ ಕಾಟವಿಲ್ಲದ, ಕಂಪನಿಯವರು ಪುಕ್ಕಟೆ ಹಂಚುವ ಜಾತಿಯದು. ಅದರ ನವೆಂಬರ್ ಹಾಳೆಯಲ್ಲಿ ಟೋಪಿ ಹಾಕಿದ ಬಿಳಿಯ ಮುದುಕನೊಬ್ಬ ಗಾಳದ ಕೋಲನ್ನು ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದಾನೆ. ಹಿಂದೆ ಎಲೆ ಉದುರಿದ ಮರಗಳು, ಮುಂದೆ ಸೀಸದ ಬಣ್ಣದ ಕೊಳ. ಚಳಿ ಬಂತು, ಮೀನಿನ ಸೀಸನ್ ಮುಗಿಯಿತು ಎನ್ನುತ್ತಿದೆ ಚಿತ್ರ. ಎನ್ನಲಿ, ಅವನ ಊರಿಗೆ ಅದು ನಿಜವಿದ್ದೀತು. ಆದರೆ ಅದೇ ಹಾಳೆ ಗಾಂಧಿಬಜಾರಿನ ಆಸುಪಾಸಿನ ಗೋಡೆಯೊಂದರಲ್ಲಿ ನೇತಾಡುತ್ತ, ಪರಿಷೆಗೆಂದು ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿ ಗುಡ್ಡೆಗಳು ಬೀಳುವ ವಾರದಲ್ಲಿ, ಎಲ್ಲ ಮುಗಿಯಿತೆಂಬ ಮುಖ ಮಾಡಿಕೊಂಡು ನಮ್ಮನ್ನು ನೋಡಿದರೆ ಸಿಟ್ಟು ಬರುತ್ತದೆ. ಈ ಊರಿನಲ್ಲಿ ಚಳಿಗೆ ಮುಗಿಯುವಂಥದ್ದು ಏನಿದೆ? ಮಲ್ಲೇಶ್ವರದ ಕಡೆ ಸ್ಯಾಂಕಿ ಕೆರೆಯ ಏರಿಯ ಮೇಲೆ ಮಂಕಿಕ್ಯಾಪುಗಳು ಏಳುತ್ತವೆ, ಮಫ್ಲರುಗಳು ಕೆಮ್ಮುತ್ತವೆ, ಅಷ್ಟೆ. ಬೆಂಗಳೂರಿನ ಚಳಿಯ ದಾಖಲೆ 1884ರ ಜನವರಿ 13ರದು, 7.8 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗಿಳಿಯುವ ಧೈರ್ಯ ಪಾದರಸಕ್ಕೆ ಮತ್ತೆ ಬಂದಿಲ್ಲ. ಸಾಮಾನ್ಯ ಡಿಸೆಂಬರಿನಲ್ಲಿ ಅದು ಹದಿನೈದು ಹದಿನಾರರ ಹತ್ತಿರ ಕಾಲು ಚಾಚಿ ಕೂತುಬಿಡುತ್ತದೆ. ಇಂಥ ಚಳಿಗೆ ಹೆದರಿ ಗಾಳ ಮಡಿಸಬೇಕೆ?

ಚಳಿದೇಶದ ಮೀನು ಚಳಿಗಾಲದಲ್ಲಿ ಯಾಕೆ ಕಚ್ಚುವುದಿಲ್ಲ ಎಂಬುದು ಹೈಸ್ಕೂಲು ಪಾಠ, ಬೇಗ ದಾಟಿಬಿಡೋಣ. ಮೀನಿನದು ತಣ್ಣನೆಯ ರಕ್ತ. ನೀರು ತಣ್ಣಗಾದಷ್ಟೂ ಹಸಿವು ಮಂದ. ನಾಲ್ಕು ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಆದ್ದರಿಂದ ಅದು ತಳ ಸೇರುತ್ತದೆ, ಹೆಪ್ಪು ಮೇಲೆ ಕಟ್ಟುತ್ತದೆ, ಮೀನು ಕೆಳಗೆ ಧ್ಯಾನಕ್ಕೆ ಕೂರುತ್ತದೆ. ಸರಿ. ಸ್ವಾರಸ್ಯ ಇರುವುದು ಬೇರೆ ಕಡೆ. ಚಳಿದೇಶದಲ್ಲೂ ಕಾನೂನು ಗಾಳವನ್ನು ಒಳಗಿಡಿಸುವುದು ಚಳಿಯ ಲೆಕ್ಕದಿಂದಲ್ಲ. ಇಂಗ್ಲೆಂಡಿನ ಹೊಳೆಗಳಲ್ಲಿ ಟ್ರೌಟ್ ಹಿಡಿಯುವುದು ಶರತ್ಕಾಲದಲ್ಲಿ ನಿಲ್ಲುತ್ತದೆ, ಯಾಕೆಂದರೆ ಅಲ್ಲಿಯ ಕಂದು ಟ್ರೌಟ್ ತತ್ತಿಯಿಡುವುದು ಚಳಿಗಾಲದ ಹೊಸ್ತಿಲಲ್ಲಿ. ಅದೇ ಹೊಳೆಗಳ ಇತರ ಸಾಧಾರಣ ಮೀನುಗಳಿಗೆ ರಜೆ ಮಾರ್ಚ್ 15ರಿಂದ ಜೂನ್ 15ರ ತನಕ. ಅಂದರೆ ಮರ ಚಿಗುರಿ, ಬಿಸಿಲು ಹದವಾಗಿ, ಗಾಳದವನ ಕೈ ತುರಿಸತೊಡಗುವ ಹೊತ್ತಿಗೆ ಸರಿಯಾಗಿ. ಅವು ತತ್ತಿಯಿಡುವುದು ಆಗ. ಒಂದೇ ಹೊಳೆ, ಒಂದೇ ಚಳಿ, ಬಾಗಿಲು ಮಾತ್ರ ಎರಡು. ಎರಡರ ಬೀಗದಕೈಯೂ ಇರುವುದು ಮೀನಿನ ಹೊಟ್ಟೆಯಲ್ಲಿ. ಹಾಗಾಗಿ ಕ್ಯಾಲೆಂಡರಿನ ಮುದುಕ ಬೆರಳು ಮರಗಟ್ಟಿದ್ದಕ್ಕೆ ಗಾಳ ಮಡಿಸುತ್ತಿದ್ದರೆ ಅದು ಅವನ ಸ್ವಂತ ವ್ಯವಹಾರ. ಸೀಸನ್ ಮುಗಿಯಿತು ಎನ್ನುವ ಅಧಿಕಾರ ಗಾಳದವನ ನಡುಕಕ್ಕಿಲ್ಲ, ಮೀನಿನ ಬಸಿರಿಗಿದೆ.

ಈ ಮಾತನ್ನು ನಮ್ಮ ಕಡೆ ತಿರುಗಿಸಿದರೆ ಆ ಮುದುಕ ತಲೆಕೆಳಗಾಗುತ್ತಾನೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಕಾವೇರಿ ದಡದಲ್ಲಿ ಗಾಳದವರ ಸುಗ್ಗಿ ಶುರುವಾಗುತ್ತಿದ್ದದ್ದೇ ಚಳಿ ಬಿದ್ದ ಮೇಲೆ. ಮಳೆಗಾಲದ ಕೆಂಪು ನೀರು ಇಳಿದು, ಹೊಳೆ ತಿಳಿಯಾಗಿ, ಬಂಡೆಗಳು ಬೆನ್ನು ತೋರಿಸುವುದು ಆಗಲೇ. ಅಲ್ಲಿಂದ ಬೇಸಿಗೆಯ ನಡುವಿನ ತನಕ ಹಬ್ಬ. ಆ ಹೊಳೆಯ ದೊರೆ ಮಹಶೀರ್, ದಡದ ಜನರ ಬಾಯಲ್ಲಿ ಬಿಳಿಮೀನು. ಬೇಟೆಯ ಪ್ರಾಣಿಗಳ ಚರ್ಮಕ್ಕೆ ಒಳತುಂಬಿ ನಿಲ್ಲಿಸುವುದರಲ್ಲಿ ಹೆಸರಾದ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಹೆಚ್ಚುಕಡಿಮೆ 54 ಕಿಲೋ ತೂಗಿತು. ದಿನ 1946ರ ಮಾರ್ಚ್ 22. ಇಷ್ಟು ದೊಡ್ಡ ಮೀನು ಮರುಳಾಗುವುದು ಯಾವುದಕ್ಕೆ? ವಿಲಾಯತಿಯಿಂದ ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ತಂದವರೂ ಕೊನೆಗೆ ಶರಣಾದದ್ದು ರಾಗಿಮುದ್ದೆಗೆ. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ಚೆನ್ನಾಗಿ ನಾದಿ, ನಿಂಬೆಹಣ್ಣಿನಷ್ಟೋ ಕಿತ್ತಳೆಯಷ್ಟೋ ಉಂಡೆ ಕಟ್ಟಿ, ಗಾಳದ ಮುಳ್ಳು ಒಳಗೆ ಅಡಗುವಂತೆ ಒತ್ತಿ, ಸುಳಿಯ ಅಂಚಿಗೆ ಬಿಡುವುದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮಹಶೀರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದೆಲ್ಲ ಗಂಟಲಲ್ಲಿ. ಹೊಳೆಯ ಬಾಗಿಲು ಮುಚ್ಚುತ್ತಿದ್ದದ್ದು ಮುಂಗಾರಿಗೆ. ಕಡಲಿನದೂ ಹಾಗೆಯೇ. ಕರಾವಳಿಯ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಬಂದರಿನಲ್ಲಿ ಕಟ್ಟಿಬಿದ್ದಿರುತ್ತವೆ. ಮುನಿದ ಕಡಲಿನಿಂದ ಜನ ಉಳಿಯಲಿ, ಜನರಿಂದ ಮರಿ ಉಳಿಯಲಿ ಎಂದು. ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವುದು ಆಮೇಲಿನ ನೂಲ ಹುಣ್ಣಿಮೆಗೆ. ಒಟ್ಟಿನಲ್ಲಿ ನಮ್ಮ ಮೀನಿನ ವರ್ಷ ಆಷಾಢದಲ್ಲಿ ಮಲಗಿ ಶ್ರಾವಣದಲ್ಲಿ ಮಗ್ಗುಲು ಬದಲಿಸಿ ಕಾರ್ತಿಕಕ್ಕೆ ಎದ್ದು ಕೂರುತ್ತದೆ. ಅದು ಏಳುವ ಹೊತ್ತಿಗೆ ಕಂಪನಿಯ ಕ್ಯಾಲೆಂಡರು ಜೋಗುಳ ಹಾಡಬಾರದು.

ನಮ್ಮವರೇನು ಮಹಾ ಸಾಚಾಗಳೋ ಎಂದು ಮಲೆನಾಡಿನವರು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ಹಳ್ಳದಿಂದ ಕಾಲುವೆ ಹತ್ತಿ, ಗದ್ದೆಯ ಬದು ಹಾರಿ ಬರುತ್ತದೆ. ಅದಕ್ಕೇ ಅದು ಹತ್ತುಮೀನು. ರಾತ್ರಿ ಬ್ಯಾಟರಿ ಹಿಡಿದು ಕತ್ತಿಯಲ್ಲಿ ಕಡಿಯುವವರು, ತೋಡಿಗೆ ಅಡ್ಡಲಾಗಿ ಕೂಣಿ ಇಡುವವರು, ಊರಿಗೂರೇ ಗದ್ದೆಯಲ್ಲಿ. ಆ ಮೀನು ಹತ್ತುವುದು ಪ್ರವಾಸಕ್ಕಲ್ಲ. ಹೊಟ್ಟೆ ತುಂಬ ತತ್ತಿ ಹೊತ್ತು ಹೆರಿಗೆಗೆಂದು ಬರುತ್ತದೆ. ತವರಿಗೆ ಬಂದ ಬಸುರಿಯನ್ನು ಬಾಗಿಲಲ್ಲೇ ಹಿಡಿದಂತೆ. ಹತ್ತುಮೀನಿನ ಸಾರಿನ ರುಚಿ ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ: ತಲೆಮಾರುಗಳಿಂದ ತಿಂದಿದ್ದೇವೆ, ಮೀನು ಮುಗಿದಿದೆಯೇ? ಉತ್ತರ ಕಷ್ಟದ್ದಲ್ಲ. ಕೂಣಿಗೆ ಸಿಕ್ಕದ ಮೀನು ಹೆಚ್ಚಿದ್ದ ಕಾಲದ ಲೆಕ್ಕ ಅದು. ಹೊಳೆಗೆ ಅಣೆಕಟ್ಟು, ಗದ್ದೆಗೆ ಕೀಟನಾಶಕ, ಕೈಗೆ ಟಾರ್ಚು ಬಂದ ಮೇಲೆ ಅದೇ ಲೆಕ್ಕ ನಡೆಯುವುದಿಲ್ಲ. ಪದ್ಧತಿ ಹಳೆಯದು ಎಂಬುದು ಪದ್ಧತಿ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಮೀನಿನ ಬಸಿರೇ ಪ್ರಮಾಣ ಎಂದ ಮೇಲೆ ಪರದೇಶದ ಮುದುಕನಿಗೆ ಅನ್ವಯಿಸುವುದು ಸಾಗರ, ತೀರ್ಥಹಳ್ಳಿಗಳಿಗೂ ಅನ್ವಯಿಸಬೇಕು.

ಹಳೆಯದು ಎಂದ ಕೂಡಲೇ ಮನಸ್ಸು ಕಲ್ಯಾಣಕ್ಕೆ ಓಡುತ್ತದೆ, ಹಿಡಿದು ನಿಲ್ಲಿಸುವುದು ಕಷ್ಟ. ಗಾಳದ ಬಗ್ಗೆ ಬರೆಯುವವರೆಲ್ಲ ಇಂಗ್ಲಿಷಿನ ಐಸಾಕ್ ವಾಲ್ಟನ್ನನಿಗೆ ಕೈ ಮುಗಿದೇ ಮುಂದೆ ಹೋಗುತ್ತಾರೆ. ಅವನ ಪುಸ್ತಕ ಬಂದದ್ದು 1653ರಲ್ಲಿ. ಅದಕ್ಕೆ ಐನೂರಕ್ಕೂ ಹೆಚ್ಚು ವರ್ಷ ಹಿಂದೆ, ಈಗಿನ ಬಸವಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ಕ್ಕೆಂದೇ ಒಂದು ಅಧ್ಯಾಯ ಬಿಟ್ಟುಕೊಟ್ಟ. ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ಆನೆ, ಅಡುಗೆ, ಸಂಗೀತ, ರತ್ನ, ಎಲ್ಲದರ ನಡುವೆ ಮೀನು. ಕಡಲಿನದು ಯಾವುದು ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಆಹಾರ ಎಂದು ವಿಂಗಡಿಸಿದ್ದಾನೆ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರಿನಲ್ಲಿ ಈ ಗ್ರಂಥದ ಮೊದಲ ಭಾಗ 1926ರಲ್ಲಿ ಮೈಸೂರಿನಿಂದ ಅಚ್ಚಾಗಿ ಬಂತು. ಸಂಪಾದಿಸಿದವರು ಅರ್ಥಶಾಸ್ತ್ರದ ಆರ್. ಶಾಮಾಶಾಸ್ತ್ರಿಗಳು. ಮುಖ್ಯವಾದ ಸಂಗತಿಯೆಂದರೆ ದೊರೆ ಕೇಳಿದ್ದು ಮೀನಿಗೇನು ಬೇಕು ಎಂದು. ವಿನೋದ ಅವನದಾದರೂ ವಿಚಾರಣೆ ಮೀನಿನದು. ಕನ್ನಡಕ್ಕೂ ಈ ವಿವೇಕ ಗೊತ್ತು: ಗಾಳಕ್ಕೆ ಸಿಕ್ಕಿಸುವುದನ್ನು ನಾವು ಎರೆ ಎಂದೆವು, ಮಣ್ಣು ಉಳುವ ಹುಳುವಿಗೂ ಅದೇ ಹೆಸರಿಟ್ಟು ಎರೆಹುಳು ಎಂದೆವು. ಹುಳುವಿನ ಇಡೀ ಜೀವನ ಮೀನಿನ ಬಾಯಿಂದ ನೋಡಿದ ಹೆಸರು ಅದು. ಇನ್ನೂ ಹಿಂದೆ ಹೋದರೆ ಅಶೋಕ, ತನ್ನ ಐದನೆಯ ಸ್ತಂಭಶಾಸನದಲ್ಲಿ, ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳು, ತಿಷ್ಯದ ಹುಣ್ಣಿಮೆ, ಉಪವಸಥದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು ಕೊರೆಸಿದ. ಅದು ಮೀನಿನ ಲೆಕ್ಕವಲ್ಲ, ಧರ್ಮದ ಲೆಕ್ಕ ಎನ್ನಬಹುದು, ಒಪ್ಪೋಣ. ಆದರೆ ಗಾಳಕ್ಕೂ ಬಲೆಗೂ ರಜಾದಿನದ ಪಟ್ಟಿ ಇರಬೇಕು ಎಂಬ ಯೋಚನೆಗೆ ಈ ನೆಲದಲ್ಲಿ ಎರಡು ಸಾವಿರದ ಮುನ್ನೂರರ ಹತ್ತಿರ ವಯಸ್ಸು. ಮನುವಿನ ಕತೆಯಂತೂ ಇನ್ನೂ ಹಿಂದಿನದು: ಕೈತೊಳೆಯುವ ನೀರಲ್ಲಿ ಸಿಕ್ಕ ಮರಿಮೀನನ್ನು ಗಡಿಗೆಗೆ, ಗಡಿಗೆಯಿಂದ ಗುಂಡಿಗೆ, ಕೊನೆಗೆ ಕಡಲಿಗೆ ಬಿಟ್ಟ. ಹಿಡಿದು ಬಿಡುವ ಆಟಕ್ಕೆ ಮೂಲಪುರುಷ ಅವನೇ. ಪ್ರತಿಫಲವಾಗಿ ಮನುಕುಲವೇ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಊರಿನ ಕೆರೆಗಳು ವಾದಕ್ಕೆ ಅಡ್ಡಗಾಲು ಹಾಕುತ್ತವೆ. ಕಾಟ್ಲ, ರೋಹು, ಮೃಗಾಲ್‌ಗಳು ಹರಿಯುವ ಹೊಸ ನೀರಿಲ್ಲದೆ ತತ್ತಿಯಿಡವು. ನಿಂತ ಕೆರೆಯಲ್ಲಿ ಅವುಗಳಿಗೆ ಬಾಣಂತನವೇ ಇಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಮೀನುಗಳಿಂದ ತತ್ತಿ ಇಡಿಸಿ ತೋರಿಸಿದ್ದರಿಂದಲೇ ಇಂದು ಕೆರೆಗೆ ಬಿಡಲು ಮರಿ ಸಿಗುತ್ತಿದೆ. ಹಾಗಾದರೆ ಗವಿಪುರದ ಕೆಳಗಿನ ಕೆಂಪಾಂಬುಧಿಯಲ್ಲೋ, 1882ರಲ್ಲಿ ಕಟ್ಟಿದ ಸ್ಯಾಂಕಿಯಲ್ಲೋ ಬಸಿರಿನ ಪ್ರಮಾಣ ನಡೆಯದು. ಸರಿ, ಅಲ್ಲಿ ಬೇರೆ ಪ್ರಮಾಣ ಹುಡುಕೋಣ, ಉಸಿರು. ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿಯುತ್ತದೆ, ಬೆಚ್ಚನೆಯದು ಬಿಟ್ಟುಕೊಡುತ್ತದೆ. 2016ರಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ್ದು ಮಾರ್ಚ್ ತಿಂಗಳಲ್ಲಿ, ಬಿಸಿಲೂ ಕೊಳಚೆಯೂ ಸೇರಿದಾಗ. ಚಳಿ ಇಲ್ಲೂ ನಿರ್ದೋಷಿ. ಬೆಂಗಳೂರಿನ ಮೀನಿಗೆ ಮಾಗಿಯೇ ಆರೋಗ್ಯದ ಕಾಲ. ನಡುಗುವವರು ಏರಿಯ ಮೇಲಿನವರು ಮಾತ್ರ. ಧರ್ಮಾಂಬುಧಿಯ ಮೀನಿಗಂತೂ ಯಾವ ಋತುವೂ ಒಗ್ಗಲಿಲ್ಲ, ಅದರ ನೆತ್ತಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು.

ಮೀನನ್ನೇ ಮುಟ್ಟದ ಅಗ್ರಹಾರದ ಬೀದಿಗಳಿಗೆ ಮೀನಿನ ಋತುವಿನ ಉಸಾಬರಿ ಯಾಕೆ ಎಂಬುದು ಕೊನೆಯ ಆಕ್ಷೇಪ. ಅದರ ಬೆನ್ನಿಗೇ ಇನ್ನೊಂದು: ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇದ್ದಂತೆ ವರ್ಷಪೂರ್ತಿ ರಜೆ ಕೊಟ್ಟುಬಿಟ್ಟರೆ ಸೀಸನ್ನಿನ ಜಗಳವೇ ಇಲ್ಲವಲ್ಲ? ದೇವರ ಮೀನಿಗೆ ಅರಳು, ಪುರಿ ಎಸೆಯುವ ಆ ಕಟ್ಟೆಗಳು ನಿಜಕ್ಕೂ ದೊಡ್ಡ ಕೆಲಸ ಮಾಡಿವೆ. ಆದರೆ ಶಿಶಿಲದಲ್ಲಿ 1996ರಲ್ಲಿ ನೀರಿಗೆ ವಿಷ ಬಿತ್ತು, ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು, ಅಲ್ಲೀಗ ಅವುಗಳ ಸ್ಮಾರಕವಿದೆ. ಬಾಗಿಲು ಮುಚ್ಚಿದರಷ್ಟೇ ಸಾಲದು, ಬಾಗಿಲ ಬಳಿ ಯಾರಾದರೂ ಕೂತಿರಬೇಕು. ಕಾವೇರಿ ವನ್ಯಧಾಮದೊಳಗಿನ ಶಿಬಿರಗಳು ಗಾಳ ಇಳಿಸಿ ದಶಕದ ಮೇಲಾಯಿತು. ಗಾಳದವರು ಹೋದ ಮೇಲೆ ಡೈನಮೈಟ್ ಎಸೆಯುವವರನ್ನು ತಡೆಯುವ ಕಣ್ಣು ಕಡಿಮೆಯಾಯಿತು ಎಂದು ಅವರು ವಾದಿಸುತ್ತಾರೆ. ಬಾಯಿಗೆ ಮುಳ್ಳು ಚುಚ್ಚಿ ಬಿಡುವುದು ಯಾವ ಪ್ರೀತಿ ಎಂದು ಎದುರಿನವರು ಕೇಳುತ್ತಾರೆ. ಎರಡೂ ಮಾತಿಗೆ ತೂಕವಿದೆ. ಈ ನಡುವೆ 2018ರಲ್ಲಿ ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ತೀರ ಹತ್ತಿರ ಬಂದ ಜೀವಿಗಳ ಕೆಂಪುಪಟ್ಟಿ ಸೇರಿತು. ಸೀಸನ್ ಮುಗಿಯುವುದು ಬೇರೆ, ಮೀನೇ ಮುಗಿಯುವುದು ಬೇರೆ. ಮೊದಲನೆಯದನ್ನು ಹೊತ್ತಿಗೆ ಸರಿಯಾಗಿ ಮುಗಿಸದವರಿಗೆ ಎರಡನೆಯದು ಹೇಳದೆ ಬರುತ್ತದೆ. ತಿನ್ನದವರಿಗೂ ಈ ಲೆಕ್ಕ ಬೇಕು, ಯಾಕೆಂದರೆ ಮೀನು ಸತ್ತ ನೀರೇ ಅವರ ನಲ್ಲಿಗೂ ಬರುವುದು.

ಅಗ್ರಹಾರದವರಿಗೆ ಸೀಸನ್ ಎಂಬ ಮಾತು ಅರ್ಥವಾಗದು ಎನ್ನುವುದೂ ತಪ್ಪು. ಮಾಗಿಯಲ್ಲಿ ಸಜ್ಜನರಾವ್ ವೃತ್ತದ ಕಡೆಯಿಂದ ಬರುವ ಗಾಳಿಗೆ ಮೂಗು ಕೊಟ್ಟು ನೋಡಿ. ಸೊಗಡು ಅವರೆ ಬಂದಿರುತ್ತದೆ. ಕಾಯಿಯ ಸಿಪ್ಪೆಗೆ ಜಿಡ್ಡು, ಬಿಡಿಸಿದ ಬೆರಳಿಗೆ ಎರಡು ಸಲ ಸೋಪು ಹಾಕಿದರೂ ಹೋಗದ ವಾಸನೆ, ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹಿತುಕಿದರೆ ಹಿತಕಿದ ಬೇಳೆ ಪುಳಕ್ಕನೆ ಮರಿಮೀನಿನಂತೆ ಜಾರಿ ಪಾತ್ರೆಗೆ ಬೀಳುತ್ತದೆ. ಈ ಸೀಸನ್ನನ್ನು ಶುರುಮಾಡುವುದು ಚಳಿ, ಇಬ್ಬನಿ ಬಿದ್ದರೇ ಸೊಗಡು ಎನ್ನುತ್ತಾರೆ. ಮುಗಿಸುವುದು ಯಾರು? ಯಾವ ಕ್ಯಾಲೆಂಡರೂ ಅಲ್ಲ. ಸಂಕ್ರಾಂತಿ ದಾಟಿದ ಒಂದು ದಿನ ಕಾಳು ಬಲಿತು, ಸಿಪ್ಪೆ ಒಣಗಿ, ಹಿತುಕಿದರೂ ಬೇಳೆ ಜಾರುವುದಿಲ್ಲ. ಬೀಜ ತನ್ನ ಮುಂದಿನ ಕೆಲಸಕ್ಕೆ ಹೊರಟುನಿಂತಿದೆ ಎಂದು ಅರ್ಥ. ಅಲ್ಲಿಗೆ ಮನೆಮನೆಯಲ್ಲೂ ಯಾರೂ ಹೇಳದೆಯೇ ಹಿತುಕುವ ಕೈ ನಿಲ್ಲುತ್ತದೆ.