ಮೊಣಕಾಲ ನೋಯೋರೂ ಹೋಗಿ ನೋಡೂ ಆನಿ ಸೀಲು

ಮಗಳ ಬಾಣಂತನಕ್ಕಂತ ಕ್ಯಾಲಿಫೋರ್ನಿಯಾಕ್ಕ ಬಂದ ಅವ್ವಂದ್ರಿಗೆ ಕುಕ್ಕರು, ಕೂಸಿನ ಎಣ್ಣಿ-ನೀರು ಇಷ್ಟರಾಗಽ ಆರ ತಿಂಗಳ ಮುಗದ ಹೋಗ್ತದ. ಎಲ್ಲೆರ ಕರಕೊಂಡ ಹೋಗೋಣಂದ್ರ ಗುಡ್ಡಾ ಹತ್ತಬೇಕು, ಇಲ್ಲಾ ಉಸುಕಿನಾಗ ನಡೀಬೇಕು. "ನೀವ ಹೋಗಿ ಬರ್ರಿ, ನಾ ಕೂಸಿನ ಹಿಡಕೊಂಡ ಕಾರಿನಾಗ ಕೂಡ್ತೇನಿ" ಅಂತಾರ. ನಮ್ಮವ್ವನೂ ಹಂಗಽ, ಆಕಿಗೆ ಎರಡೂ ಮೊಣಕಾಲ ನೋವು. ಅಂಥಾವ್ರಿಗೆ ಒಂದ ಜಾಗಾ ಹೇಳ್ತೇನಿ, ಬರಕೋರಿ: ಪಿಯೆಡ್ರಾಸ್ ಬ್ಲಾಂಕಾಸ್.

ಸ್ಯಾನ್ ಹೋಸೆಯಿಂದ ಕಾರಿನಾಗ ಸುಮಾರು ಮೂರ ತಾಸು. ಹೈವೇ 1ರ ಮ್ಯಾಲೆ ಹರ್ಸ್ಟ್ ಕ್ಯಾಸಲ್ ದಾಟಿ ಉತ್ತರಕ್ಕ 7 ಕಿ.ಮೀ. ಹೋದ್ರ ಸಮುದ್ರದ ಕಡೆ ಪಾರ್ಕಿಂಗ್ ಅದ. ತಿಕೀಟಿಲ್ಲ, ಬುಕ್ಕಿಂಗಿಲ್ಲ. ಅಲ್ಲಿಂದ ಸಪಾಟ ಕಟಗಿ ಹಾದಿ; ವೀಲ್‌ಚೇರೂ ಹೋಗ್ತದ, ಕೂಸಿನ ಗಾಡಿನೂ ಹೋಗ್ತದ.

ಕೆಳಗ ಉಸುಕಿನ ಮ್ಯಾಲೆ ಆನಿ ಸೀಲು ಜ್ವಾಳದ ಚೀಲ ಒಗದಂಗ ಬಿದ್ದಿರ್ತಾವ. ಗಂಡಿಗೆ ಸೊಂಡಿಯಂಥಾ ಮೂಗು, ತೂಕ 2,000 ಕಿಲೋ ತನಕ. ನೂರೈವತ್ತ ವರ್ಷದ ಹಿಂದ ಎಣ್ಣಿ ಸಲವಾಗಿ ಮಂದಿ ಇವನ್ನ ಕೊಂದು ಕೊಂದು, ವಂಶಾನಽ ಮುಗೀತು ಅನ್ನೂ ಹಂಗ ಮಾಡಿದ್ರಂತ. ಈ ದಂಡಿಗೆ ಬಂದದ್ದು 1990ರಾಗ, ಇಲ್ಲೆ ಮೊದಲನೇ ಮರಿ ಹುಟ್ಟಿದ್ದು 1992ರಾಗ.

ನಾವ ಹೋದದ್ದು ಜನವರಿಯೊಳಗ, ಅವು ಹಡಿಯೂ ಕಾಲ. ನೀಲಿ ಜಾಕೀಟ ಹಾಕ್ಕೊಂಡ ಸ್ವಯಂಸೇವಕರು ಅಲ್ಲೆ ನಿಂತ ಎಲ್ಲಾ ಬಿಡಿಸಿ ಹೇಳ್ತಾರ. ಅವರು ಹೇಳಿದ್ದನ್ನ ನಾ ಅವ್ವಗ ಕನ್ನಡದಾಗ ಹೇಳ್ದೆ. ತಾಯಿ ಹಡದ ಮ್ಯಾಲೆ ಸುಮಾರು ನಾಕ ವಾರ ಒಂದ ತುತ್ತೂ ತಿನ್ನಂಗಿಲ್ಲ, ಮರಿಗೆ ಹಾಲ ಕುಡಿಸ್ಕೋತ ಇರ್ತದ. ಹುಟ್ಟಿದಾಗ 30-35 ಕಿಲೋ ಇದ್ದ ಮರಿ 130 ಕಿಲೋ ಆಗ್ತದ, ತಾಯಿ ಮೂರನೇ ಒಂದ ಪಾಲು ಇಳದ ಹೋಗ್ತದ. ಆಮ್ಯಾಲೆ ಮರಿ ಅಲ್ಲೇ ಬಿಟ್ಟ ಸಮುದ್ರಕ್ಕ ಹೋಗೇಬಿಡ್ತದ. ಮುಂದ ಮರಿ ತನ್ನ ಕೊಬ್ಬಿನ ಮ್ಯಾಲೆ ಬದುಕಿ, ತಾನಽ ಈಜ ಕಲೀಬೇಕು.

ಅವ್ವ ಕಂಬಿ ಹಿಡಕೊಂಡ ಭಾಳ ಹೊತ್ತ ಸುಮ್ಮನ ನಿಂತ್ಲು. "ಪಾಪ, ಅದಕ್ಕ ಒಂದ ಅಂಟಿನ ಉಂಡಿ ಕೊಡಾವ್ರೂ ಇಲ್ಲಲ್ಲ" ಅಂದ್ಲು. ಆಮ್ಯಾಲೆ ಕೂಸಿನ ಟೊಪ್ಪಿಗಿ ಸರಿ ಮಾಡಿ, "ನಾ ಹೋದಮ್ಯಾಲೆ ನೀ ಹೊತ್ತಿಗೆ ಸರಿಯಾಗಿ ಉಣ್ಣು" ಅಂದ್ಲು. ಆಕಿ ತಿಕೀಟ ಇನ್ನ ಹತ್ತ ದಿನಕ್ಕಿತ್ತು. "ಹೂಂ" ಅಂದೆ, ಹೆಚ್ಚಿಗಿ ಮಾತ ಬರಲಿಲ್ಲ. ಅವತ್ತ ಆಕಿ ಕಾರಿನಾಗ ಕೂಡ್ತೇನಿ ಅನ್ನಲೇ ಇಲ್ಲ. ಒಂದ ತಾಸಿನ ಮ್ಯಾಲೆ ನೋಡಿದ್ಲು.

ಮರಿ ನೋಡ್ಬೇಕಂದ್ರ ಜನವರಿ, ಫೆಬ್ರವರಿಯೊಳಗ ಹೋಗ್ರಿ. ಏಪ್ರಿಲ್, ಮೇದಾಗ ಹೆಣ್ಣು ಸೀಲು ಹಳೇ ತೊಗಲ ಬಿಡ್ಲಿಕ್ಕೆ ಬರ್ತಾವ, ಜುಲೈ-ಆಗಸ್ಟದಾಗ ಗಂಡು. ನಶೀಬ ಇದ್ರ ದೂರದಾಗ ತಿಮಿಂಗಿಲದ ಕಾರಂಜಿ ಕಾಣ್ತದ, ರಸ್ತೆ ಬಾಜೂಕ ಹರ್ಸ್ಟ್ ಅವರ ಹೊಲದಾಗ ಜೀಬ್ರಾನೂ. ಕಂಬಿ ದಾಟಿ ಇಳೀಬ್ಯಾಡ್ರಿ. ಹಾದಿಮ್ಯಾಲಿನ ಅಳಿಲು ಕೈ ನೋಡ್ತಾವ, ಚುರುಮರಿ ಹಾಕಬ್ಯಾಡ್ರಿ. ಗಾಳಿ ಭಾಳ ಥಂಡ ಇರ್ತದ. ಅವ್ವಂದ್ರಿಗೆ ಸ್ವೆಟರ್, ಕಿವಿಗೆ ಮಫ್ಲರ್, ಥರ್ಮಾಸಿನಾಗ ಛಾ ಮರೀಬ್ಯಾಡ್ರಿ.